ಓಡಲಿಲ್ಲ, ನಡೆದೇ ಮುಗಿಸಿದೆ 21 ಕಿ.ಮೀ.

ಧಾರವಾಡದಿಂದ ಹುಬ್ಬಳ್ಳಿಗೆ ನಡೆದು ಹೋಗುತ್ತೇನೆ ಎಂದು ಯಾರಿಗಾದರೂ ಹೇಳಿ ನೋಡಿ. ‘ಯಾಕ, ಇವತ್ತ ಚಿಗರಿ ಬಂದ್ ಐತೇನು?’ ಎಂಬ ಪ್ರಶ್ನೆ ಗ್ಯಾರಂಟಿ. ಐದೈದು ನಿಮಿಷಕ್ಕೆ ಎ.ಸಿ. ಬಸ್ಸು ಬರುವ ರಸ್ತೆಯಲ್ಲಿ ಯಾರಾದರೂ ಬೇಕೆಂದೇ ನಡೆಯುತ್ತಾರೆ ಎಂದರೆ ನಂಬುವುದು ಕಷ್ಟ. ಈ ಎರಡೂ ಊರುಗಳ ನಡುವಿನ ಅಂತರ ಸುಮಾರು 20 ಕಿಲೋಮೀಟರ್. ಅದಕ್ಕೆ ಇನ್ನೊಂದು ಕಿಲೋಮೀಟರ್ ಸೇರಿಸಿದರೆ ಅದೇ ಹಾಫ್ ಮ್ಯಾರಥಾನ್. ಹೆಸರು ಕೇಳಿದರೆ ಕಾಲು ನಡುಗುತ್ತದೆ, ಊರಿನ ಲೆಕ್ಕದಲ್ಲಿ ಹೇಳಿದರೆ ‘ಇಷ್ಟೇನಾ’ ಅನ್ನಿಸುತ್ತದೆ.

ಕರಾರುವಾಕ್ಕಾಗಿ ಹೇಳಬೇಕೆಂದರೆ 21.0975 ಕಿ.ಮೀ. ಈ ವಿಚಿತ್ರ ಸಂಖ್ಯೆ ಬಂದಿದ್ದು ಪೂರ್ಣ ಮ್ಯಾರಥಾನಿನಿಂದ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ದಾರಿ 42.195 ಕಿ.ಮೀ. ಇತ್ತು. 1921ರಲ್ಲಿ ಅದನ್ನೇ ಅಧಿಕೃತ ದೂರವೆಂದು ಒಪ್ಪಿಕೊಂಡರು. ಅದರ ಅರ್ಧವೇ ಇದು. ಜನರಲ್ ನಾಲೆಡ್ಜ್ ಪ್ರಶ್ನೆಯಾಗಿ ಇದನ್ನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಕಾಲಿನಿಂದ ಓದಿದ್ದು ಮಾತ್ರ ಕಳೆದ ವರ್ಷ, ಅದೂ ಓಡದೆ, ಪೂರ್ತಿ ನಡೆದು.

ನಾವು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗಳಿಗೆ ಓದುವವರು. ಇಲ್ಲಿ ನಮ್ಮಂಥವರು ಸಾವಿರಾರು ಮಂದಿ. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಮೆಸ್ಸು, ಆಮೇಲೆ ರಾತ್ರಿ ಹನ್ನೊಂದರವರೆಗೆ ಲೈಬ್ರರಿಯ ಕುರ್ಚಿ. ದಿನಕ್ಕೆ ಹತ್ತು ಹನ್ನೆರಡು ತಾಸು ಕೂತಲ್ಲೇ ಕೂರುವುದು ನಮ್ಮ ‘ಸ್ಟಡಿ ಲೈಫ್’. ಪೊಲೀಸ್ ಕಾನ್ಸ್‌ಟೇಬಲ್‌ಗೆ ತಯಾರಿ ನಡೆಸುವ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕಾಗಿರುವುದರಿಂದ ಹೇಗಾದರೂ ಗ್ರೌಂಡಿಗೆ ಹೋಗುತ್ತಾರೆ. ಉಳಿದವರಿಗೆ ಗ್ರೌಂಡು ಎಂದರೆ ಕಿಟಕಿಯಾಚೆ ಕಾಣುವ ಸಂಗತಿ.

ನನ್ನನ್ನು ಎಬ್ಬಿಸಿದ್ದು ನನ್ನ ರೂಮ್‌ಮೇಟ್. ಅವಳ ಕನಸು ಭಾರತೀಯ ಅರಣ್ಯ ಸೇವೆ. ಆ ಸೇವೆಗೆ ಆಯ್ಕೆಯಾಗಬೇಕಾದರೆ ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಸಾಲದು. ನಡಿಗೆಯ ಪರೀಕ್ಷೆಯೂ ಇದೆ. ನಾಲ್ಕು ತಾಸಿನಲ್ಲಿ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆಯಬೇಕು. ನಡಿಗೆಯಲ್ಲೂ ಪಾಸು–ಫೇಲು ಇದೆ ಎಂದು ನನಗೆ ಗೊತ್ತಾಗಿದ್ದೇ ಆಗ. ‘14 ಕಿಲೋಮೀಟರಿಗೆ 4 ತಾಸು ಭಾಳ ಆತು. ನಾವು ಗಂಡಸರ ಲೆಕ್ಕಕ್ಕ ತಯಾರಾಗೂಣು’ ಅಂದಳು. ಗಂಡಸರ ಲೆಕ್ಕ ಎಂದರೆ ಒಂದು ಕಿಲೋಮೀಟರಿಗೆ 9 ನಿಮಿಷ 36 ಸೆಕೆಂಡು. ಅದೇ ಹೊತ್ತಿಗೆ ನಮ್ಮ ಭಾಗದಲ್ಲಿ ಡಿಸೆಂಬರಿನಲ್ಲಿ ನಡೆಯುವ ಒಂದು ಓಟದ ಪೋಸ್ಟರ್ ಕಣ್ಣಿಗೆ ಬಿತ್ತು. ಹಾಫ್ ಮ್ಯಾರಥಾನ್ ಮುಗಿಸಲು 3 ತಾಸು 30 ನಿಮಿಷ ಕಟ್-ಆಫ್. ನಡೆಯುವವರೂ ಬರಬಹುದು, ಆದರೆ ಸಮಯದ ರಿಯಾಯಿತಿ ಇಲ್ಲ. ಭಾಗಾಕಾರ ಮಾಡಿದೆವು: ಕಿಲೋಮೀಟರಿಗೆ 9 ನಿಮಿಷ 57 ಸೆಕೆಂಡು. ಕೈಯಲ್ಲಿ 16 ವಾರ ಇತ್ತು.

ಮೊದಲು ರಕ್ತದ ಲೆಕ್ಕ

ಶೂ ಕೊಳ್ಳುವ ಮುಂಚೆ ನಾವಿಬ್ಬರೂ ಮಾಡಿದ ಕೆಲಸ ಹಿಮೋಗ್ಲೋಬಿನ್ ಪರೀಕ್ಷೆ. ಇದು ರೂಮ್‌ಮೇಟ್‌ಳ ಅಕ್ಕನ ಸಲಹೆ, ಅವರು ನರ್ಸ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ (2019–21) ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರೆಂಟ್ ಅಫೇರ್ಸ್ ನೋಟ್ಸಿನಲ್ಲಿ ಈ ಅಂಕಿಗೆ ನಾನೇ ಕೆಂಪು ಗೆರೆ ಎಳೆದಿಟ್ಟಿದ್ದೆ. ರಿಪೋರ್ಟು ಬಂದಾಗ ನನ್ನದು 10.4 ಗ್ರಾಂ. ಹೆಣ್ಣುಮಕ್ಕಳಿಗೆ 12 ಇರಬೇಕು. ಆ ಶೇ 57ರೊಳಗೆ ನಾನೂ ಒಬ್ಬಳು!

ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ಮೂರಕ್ಕೆ ಪುಸ್ತಕದ ಮೇಲೇ ನಿದ್ದೆ, ಎರಡು ವರ್ಷದಿಂದ ಇದನ್ನೆಲ್ಲ ಮನೆಯವರೂ ಗೆಳತಿಯರೂ ಸೋಮಾರಿತನ ಅನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ವೈದ್ಯೆ ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಚಹಾದ ಜೊತೆ ತಗೊಳ್ಳಬೇಡಿ, ಚಹಾ ಕಬ್ಬಿಣಾಂಶ ಹೀರಿಕೊಳ್ಳಲು ಬಿಡುವುದಿಲ್ಲ. ಲಿಂಬೆಹಣ್ಣಿನ ರಸದ ಜೊತೆ ತಗೊಳ್ಳಿ ಎಂದರು. ನಡಿಗೆ ಶುರು ಮಾಡಬಹುದು, ಆದರೆ ನಿಧಾನಕ್ಕೆ ಎಂದರು. ನೀವೂ ಶುರು ಮಾಡುವುದಾದರೆ, ಅದರಲ್ಲೂ ಹುಡುಗಿಯರು, ದಯವಿಟ್ಟು ಇಲ್ಲಿಂದಲೇ ಶುರು ಮಾಡಿ. ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರಂತೂ ವೈದ್ಯರನ್ನು ಕೇಳದೆ ಹೆಸರು ನೋಂದಾಯಿಸಬೇಡಿ.

ಭಾನುವಾರದ ಟೈಮ್‌ಟೇಬಲ್

ಕೋಚಿಂಗ್ ಹುಡುಗಿಯರಿಗೆ ಟೈಮ್‌ಟೇಬಲ್ ಹಾಕಲು ಯಾರೂ ಕಲಿಸಬೇಕಾಗಿಲ್ಲ. ಗೋಡೆಗೆ ಅಂಟಿಸಿದ್ದ ಸಿಲಬಸ್ ಪಕ್ಕದಲ್ಲೇ ಇದನ್ನೂ ಅಂಟಿಸಿದೆವು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ 40ರಿಂದ 60 ನಿಮಿಷ ನಡಿಗೆ. ಭಾನುವಾರ ಉದ್ದದ ನಡಿಗೆ. ಉಳಿದ ದಿನ ವಿಶ್ರಾಂತಿ, ಅಥವಾ ಹಾಸ್ಟೆಲ್ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು.

ಭಾನುವಾರದ ದೂರ ಹೀಗಿತ್ತು: 5, 6, 7.5, ಮತ್ತೆ 5. ಆಮೇಲೆ 8.5, 10, 11, ಮತ್ತೆ 8. ಆಮೇಲೆ 12, 13.5, 15, ಮತ್ತೆ 10. ಕೊನೆಗೆ 16, 18, 10. ಹದಿನಾರನೇ ಭಾನುವಾರ ಸ್ಪರ್ಧೆ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸುವುದೇ ಇದರ ಗುಟ್ಟು. ಸ್ನಾಯು, ಮೂಳೆ, ಕೀಲು ಬಲವಾಗುವುದು ನಡೆಯುವಾಗ ಅಲ್ಲ, ಆಮೇಲೆ ವಿಶ್ರಾಂತಿಯಲ್ಲಿ. ಓದಿದ್ದು ತಲೆಯಲ್ಲಿ ಕೂರಲು ನಿದ್ದೆ ಬೇಕಲ್ಲ, ಹಾಗೆ. ಇನ್ನೊಂದು ಸಂಗತಿ, ಸ್ಪರ್ಧೆಗೆ ಮುಂಚೆ ಪೂರ್ತಿ 21 ಕಿ.ಮೀ. ನಡೆದು ನೋಡುವ ಅಗತ್ಯವಿಲ್ಲ. 18 ಮುಟ್ಟಿದ ಕಾಲಿಗೆ ಉಳಿದ ಮೂರನ್ನು ಸ್ಪರ್ಧೆಯ ದಿನದ ಹುಮ್ಮಸ್ಸು ಮುಟ್ಟಿಸುತ್ತದೆ. ಕೊನೆಯ ಎರಡು ವಾರ ದೂರ ಕಡಿಮೆ ಮಾಡಿ ಕಾಲನ್ನು ತಾಜಾ ಇಟ್ಟುಕೊಳ್ಳಬೇಕು.

ಮೊದಲ ಭಾನುವಾರ ಆಗಸ್ಟ್ ತಿಂಗಳ ಧಾರವಾಡದ ಜಿಟಿಜಿಟಿ ಮಳೆ. ಆರ್.ಎನ್. ಶೆಟ್ಟಿ ಸ್ಟೇಡಿಯಮ್ಮಿನ 400 ಮೀಟರ್ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು ಹಾಕಿದರೆ 5 ಕಿ.ಮೀ. ಅದಕ್ಕೆ ನನಗೆ ಹಿಡಿದಿದ್ದು 61 ನಿಮಿಷ. ಮಾರನೆಯ ದಿನ ನೋವು ತೊಡೆಯಲ್ಲಿ ಅಲ್ಲ, ಮೊಣಕಾಲಿನ ಕೆಳಗೆ, ಮುಂಗಾಲಿನಲ್ಲಿ. ಬಿರುಸಾಗಿ ನಡೆಯುವಾಗ ಪ್ರತಿ ಹೆಜ್ಜೆಗೂ ಪಾದದ ತುದಿಯನ್ನು ಮೇಲಕ್ಕೆ ಎತ್ತುವ ಸ್ನಾಯು ಅಲ್ಲಿದೆ. ಕುರ್ಚಿಯಲ್ಲಿ ಕೂತವರಿಗೆ ಅದು ಇದೆಯೆಂಬುದೇ ಮರೆತಿರುತ್ತದೆ. ಎರಡು ವಾರದಲ್ಲಿ ಆ ನೋವು ತಾನಾಗಿ ಹೋಯಿತು. ಆದರೆ ಒಂದು ವ್ಯತ್ಯಾಸ ತಿಳಿದಿರಲಿ: ಸ್ನಾಯುವಿನ ಬಿಗಿತ ನಡೆದಂತೆ ಕಡಿಮೆಯಾಗುತ್ತದೆ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚುವ ನೋವು ನಡೆದಂತೆ ಹೆಚ್ಚಾದರೆ, ನಿಲ್ಲಿಸಿ ಡಾಕ್ಟರರಿಗೆ ತೋರಿಸಬೇಕು.

‘ತಂಗಿ, ಹೆಜ್ಜಿ ಉದ್ದ ಹಾಕಬ್ಯಾಡ’

ಸ್ಟೇಡಿಯಮ್ಮಿಗೆ ದಿನಾ ಬರುವ ನಿವೃತ್ತ ದೈಹಿಕ ಶಿಕ್ಷಕರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಮೂರನೇ ವಾರ ನನ್ನ ಪಕ್ಕಕ್ಕೆ ಬಂದು, ‘ತಂಗಿ, ಜೋರ ಹೋಗಬೇಕಂದ್ರ ಹೆಜ್ಜಿ ಉದ್ದ ಹಾಕಬ್ಯಾಡ, ಜಲ್ದಿ ಜಲ್ದಿ ಹಾಕು’ ಎಂದರು. ಹೆಜ್ಜೆ ತೀರಾ ಉದ್ದವಾದರೆ ಮುಂದಿನ ಕಾಲು ಬ್ರೇಕಿನಂತೆ ತಡೆಯುತ್ತದೆ, ಮೊಣಕಾಲಿಗೂ ಪೆಟ್ಟು. ಹಿಮ್ಮಡಿ ಊರಿ, ಪಾದ ಉರುಳಿಸಿ, ಹೆಬ್ಬೆರಳಿನಿಂದ ನೆಲವನ್ನು ಹಿಂದಕ್ಕೆ ತಳ್ಳಬೇಕು. ಮೊಣಕೈಯನ್ನು ಲಂಬಕೋನದಲ್ಲಿ ಮಡಚಿ ಬೀಸಬೇಕು. ಕೈ ಬೇಗ ಬೀಸಿದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ನೋಟ ಐದಾರು ಮೀಟರ್ ಮುಂದೆ ಇರಬೇಕು, ಮೊಬೈಲಿನ ಮೇಲಲ್ಲ.

ಅಂದಿನಿಂದ ಹೆಜ್ಜೆ ಎಣಿಸುವುದು ಶುರು. ನಿಮಿಷಕ್ಕೆ 100 ಹೆಜ್ಜೆ ಹಾಕಿದರೆ ಅದು ಚುರುಕು ನಡಿಗೆ. ತಾಸಿಗೆ 6 ಕಿ.ಮೀ. ದಾಟಬೇಕೆಂದರೆ ನನ್ನ ಎತ್ತರದವರು 130ರ ಆಸುಪಾಸು ಹಾಕಬೇಕು. ಮಂಗಳವಾರದ ನಡಿಗೆಯನ್ನು ಅದಕ್ಕೇ ಮೀಸಲಿಟ್ಟೆವು: ಒಂದು ನಿಮಿಷ ಎಷ್ಟಾಗುತ್ತದೋ ಅಷ್ಟು ಜೋರು, ಎರಡು ನಿಮಿಷ ಸಾಧಾರಣ, ಹೀಗೆ ಹತ್ತು ಸಲ. ಭಾನುವಾರ ಮಾತ್ರ ಮಾತಾಡಬಹುದಾದ ವೇಗ. ಪೂರ್ತಿ ವಾಕ್ಯ ಹೇಳಲು ಬರಬೇಕು, ಹಾಡಲು ಬರಬಾರದು, ಅದೇ ಅಳತೆಗೋಲು. ನಾವಿಬ್ಬರೂ ಆ ವೇಗದಲ್ಲಿ ಸಂವಿಧಾನದ ವಿಧಿಗಳನ್ನು ಒಬ್ಬರಿಗೊಬ್ಬರು ಕೇಳುತ್ತ ನಡೆದೆವು. 12ನೇ ವಿಧಿಯಿಂದ 35ನೇ ವಿಧಿಯವರೆಗೆ ಮೂಲಭೂತ ಹಕ್ಕುಗಳು ಮುಗಿಯುವಷ್ಟರಲ್ಲಿ ನಾಲ್ಕು ಕಿಲೋಮೀಟರ್ ಮುಗಿಯುತ್ತಿತ್ತು.

ಕಾಕಾ ಹೇಳಿದ ಮೇಲೆಯೇ ನಡಿಗೆ ಎಂಬುದು ಒಂದು ದೊಡ್ಡ ಕ್ರೀಡೆ ಎಂದೂ ಅರಿವಾಯಿತು. 20 ಕಿ.ಮೀ. ನಡಿಗೆ ಸ್ಪರ್ಧೆ ಪುರುಷರಿಗೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಮಹಿಳೆಯರಿಗೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರಿತು. ಅಲ್ಲಿ ಯಾವಾಗಲೂ ಒಂದು ಪಾದವಾದರೂ ನೆಲದ ಮೇಲಿರುವುದು ಕಣ್ಣಿಗೆ ಕಾಣಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ಕೆಳಗೆ ನೇರ ಬರುವವರೆಗೆ ಮೊಣಕಾಲು ಬಾಗಬಾರದು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ 20 ಕಿ.ಮೀ. ನಡಿಗೆಯಲ್ಲಿ ಖುಷ್ಬೀರ್ ಕೌರ್ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಪ್ರಿಯಾಂಕಾ ಗೋಸ್ವಾಮಿ 10 ಕಿ.ಮೀ. ದೂರವನ್ನು 43 ನಿಮಿಷ 38 ಸೆಕೆಂಡಿನಲ್ಲಿ ನಡೆದು ಬೆಳ್ಳಿ ತಂದರು. ಆರನೇ ವಾರ ನಾನು ಅದೇ 10 ಕಿ.ಮೀ.ಗೆ ತೆಗೆದುಕೊಂಡಿದ್ದು 1 ತಾಸು 52 ನಿಮಿಷ. ನಾನು ಒಂದು ಸಲ ಮುಗಿಸುವ ಹೊತ್ತಿಗೆ ಅವರು ಎರಡು ಸಲ ಮುಗಿಸಿ, ಕೂತು ಚಹಾ ಕುಡಿಯುತ್ತಿರುತ್ತಾರೆ!

ಚಿಗರಿ ಸ್ಟಾಪುಗಳೇ ಮೈಲಿಗಲ್ಲು

ದೂರ ಹೆಚ್ಚಾದ ಮೇಲೆ ಟ್ರ್ಯಾಕ್ ಬೇಸರ ತರಿಸಿತು. ಆಗ ಕಂಡುಕೊಂಡ ಉಪಾಯ ಇದು: ಜ್ಯುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿ ಕಡೆಗೆ ನಡೆಯುವುದು, ವಾಪಸು ಚಿಗರಿ ಬಸ್ಸಿನಲ್ಲಿ ಬರುವುದು. ಮೊದಲು ಸತ್ತೂರು, ಆಮೇಲೆ ನವಲೂರು, ರಾಯಾಪುರ, ನವನಗರ, ಭೈರಿದೇವರಕೊಪ್ಪ. ಹನ್ನೊಂದನೇ ವಾರ ಉಣಕಲ್ ಕೆರೆಯ ಹತ್ತಿರ ಫೋನು 15 ಕಿ.ಮೀ. ತೋರಿಸಿತು, 2 ತಾಸು 36 ನಿಮಿಷ. ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ ಬಿಡುವುದರಲ್ಲಿ ಕಳೆದುಹೋಗುತ್ತಿದ್ದ ಊರುಗಳಿಗೆ ಈಗ ಒಂದೊಂದು ರುಚಿ ಬಂದಿತ್ತು. ನವಲೂರಿನ ಪೇರಲದ ಬುಟ್ಟಿ ಇಟ್ಟುಕೊಂಡ ಅವ್ವ ನಮ್ಮನ್ನು ಗುರುತು ಹಿಡಿಯತೊಡಗಿದ್ದರು. ‘ಇವತ್ತ ಎಲ್ಲೀತನಕ ಹೊಂಟೀರಿ?’ ಅನ್ನುವರು.

ಈ ದಾರಿಯಲ್ಲಿ ನಡೆಯುವವರು ಫುಟ್‌ಪಾತ್ ಬಿಟ್ಟು ಬಸ್ಸಿನ ಪಥಕ್ಕೆ ಇಳಿಯಲೇಬಾರದು. ಫುಟ್‌ಪಾತ್ ಇಲ್ಲದ ರಸ್ತೆಯಾದರೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ನಡೆಯಬೇಕು. ಕತ್ತಲಲ್ಲಿ ತಿಳಿಬಣ್ಣದ ಬಟ್ಟೆ ಹಾಕಬೇಕು, ಎರಡೂ ಕಿವಿಗೆ ಇಯರ್‌ಫೋನ್ ಬೇಡ.

ಹುಡುಗಿಯರಿಗೆ ಇದಿಷ್ಟೇ ಸಾಲದು. ಬೆಳಿಗ್ಗೆ ಐದಕ್ಕೆ ಹೊರಟ ಹುಡುಗರನ್ನು ಯಾರೂ ಏನೂ ಕೇಳುವುದಿಲ್ಲ. ನಮ್ಮನ್ನು ಮೊದಲು ಕೇಳಿದವರು ಪಿ.ಜಿ. ಅಕ್ಕ, ಆಮೇಲೆ ಎದುರಿನ ಮನೆಯವರು. ಬೈಕು ನಿಧಾನ ಮಾಡಿ ಮಾತಾಡಿಸಿದವರೂ ಇದ್ದರು. ನಾವು ಒಬ್ಬರೇ ಹೋಗಲಿಲ್ಲ. ಫೋನಿನ ಲೊಕೇಶನ್ನನ್ನು ಪಿ.ಜಿ. ಅಕ್ಕನಿಗೆ ಹಂಚಿಕೊಂಡಿದ್ದೆವು. ಬೆಳಕು ಹರಿಯುವವರೆಗೆ ಜನ ಇರುವ ಸ್ಟೇಡಿಯಮ್ಮಿನಲ್ಲಿದ್ದು ಆಮೇಲೆ ರಸ್ತೆಗೆ ಬರುತ್ತಿದ್ದೆವು. ಹತ್ತನೇ ವಾರದ ಹೊತ್ತಿಗೆ ಸಪ್ತಾಪುರದಿಂದ ಹೊರಡುವ ಹುಡುಗಿಯರು ಏಳು ಮಂದಿ ಆಗಿದ್ದೆವು. ಏಳು ಮಂದಿಯ ಪಕ್ಕದಲ್ಲಿ ಯಾವ ಬೈಕೂ ನಿಧಾನವಾಗಲಿಲ್ಲ.

ಆಯಿಯ ಔಡಲೆಣ್ಣಿ

ದಸರಾ ರಜೆಗೆ ಊರಿಗೆ ಹೋದಾಗ ವಿಷಯ ಆಯಿಗೆ ತಿಳಿಯಿತು. ‘ನಡ್ಯಾಕ ರೊಕ್ಕಾ ಕೊಟ್ಟು ಹೆಸರ ಹಚ್ಚಿಯೇನ?’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಯುಗಾದಿಯ ಮುಂಚೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಎಷ್ಟೊಂದು ಜನ. ಆಯಿಯೂ ಎರಡು ಸಲ ಹೋಗಿ ಬಂದವಳು. ‘ನಾವು ಮುಂಜಾನೆ ನಾಷ್ಟಾದ್ದರಾಗ ನಿನ್ನ ಆ ಇಪ್ಪತ್ತೊಂದ ಮುಗಸ್ತಿದ್ವಿ. ನಮಗ್ಯಾರರ ಬಿಲ್ಲಿ ಕೊಟ್ಟಿದ್ರೇನ?’ ಎಂದಳು. ನಕ್ಕೆವು. ಆದರೆ ಆಮೇಲೆ ಅವಳು ಹೇಳಿದ್ದು ಯಾವ ಕೋಚೂ ಒಪ್ಪುವ ಮಾತು: ಬಿಸಿಲೇರುವ ಮುಂಚೆ ಹೊರಡಬೇಕು, ಹಸಿವಾಗುವ ಮುಂಚೆ ಒಂದು ತುತ್ತು ತಿನ್ನಬೇಕು, ಕಾಲಿಗೆ ಔಡಲೆಣ್ಣಿ ಹಚ್ಚಬೇಕು, ಹೊಸ ಚಪ್ಪಲಿ ಮೆಟ್ಟಬಾರದು.

ಬೊಬ್ಬೆ ಏಳಲು ಕಾರಣ ಮೂರು: ಶಾಖ, ಬೆವರು, ಉಜ್ಜಾಟ. ಔಡಲೆಣ್ಣೆಯಾಗಲಿ ಪೆಟ್ರೋಲಿಯಂ ಜೆಲ್ಲಿಯಾಗಲಿ ಉಜ್ಜಾಟ ಕಡಿಮೆ ಮಾಡುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ದೂರದ ನಡಿಗೆಗೆ ಬೇಗ ಒಣಗುವ ಸಿಂಥೆಟಿಕ್ ಕಾಲುಚೀಲ ಒಳ್ಳೆಯದು. ನಡೆದಂತೆ ಪಾದ ಊದಿಕೊಳ್ಳುವುದರಿಂದ ಶೂಗಳನ್ನು ಸಂಜೆ ಹೊತ್ತು ಕೊಳ್ಳಬೇಕು, ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಇರಬೇಕು. ನಾನು ಕೊಂಡ ಶೂಗೆ ಎರಡು ಸಾವಿರದ ಚಿಲ್ಲರೆ. ಮೆಸ್ ಬಿಲ್ಲಿಗೆ ಹೋಲಿಸಿದರೆ ದೊಡ್ಡ ಮೊತ್ತವೇ. ಆದರೆ ಈ ಇಡೀ ಆಟದಲ್ಲಿ ದುಡ್ಡು ಹಾಕಲೇಬೇಕಾದ ವಸ್ತು ಅದೊಂದೇ. ಜಿಮ್ ಬೇಡ, ಸ್ಮಾರ್ಟ್ ವಾಚೂ ಬೇಡ.

ಊಟದ ವಿಷಯದಲ್ಲಿ ನಿಯಮ ಒಂದೇ: ಸ್ಪರ್ಧೆಯ ದಿನ ಹೊಟ್ಟೆಗೆ ಹೊಸದೇನನ್ನೂ ಪರಿಚಯಿಸಬೇಡಿ. ನಮ್ಮದು ಹೊರಡುವ ಎರಡು ತಾಸು ಮುಂಚೆ ಅವಲಕ್ಕಿ, ಒಂದು ಬಾಳೆಹಣ್ಣು. ಒಂದು ತಾಸು ನಡೆದ ಮೇಲೆ ಶೇಂಗಾ ಚಿಕ್ಕಿಯ ಒಂದು ತುಂಡು, ಆಮೇಲೆ ಅರ್ಧ ತಾಸಿಗೊಮ್ಮೆ ಏನಾದರೂ ಸ್ವಲ್ಪ. ನೀರನ್ನು ಬಾಯಾರಿದಂತೆ ಗುಟುಕು ಗುಟುಕಾಗಿ ಕುಡಿಯಬೇಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಹೆಚ್ಚು ಹೊತ್ತು ದಾರಿಯಲ್ಲಿರುವ ನಿಧಾನದವರಿಗೇ ಈ ಅಪಾಯ ಜಾಸ್ತಿ. ಅದಕ್ಕೆ ಓ.ಆರ್.ಎಸ್. ಅಥವಾ ಉಪ್ಪು ಹಾಕಿದ ಮಜ್ಜಿಗೆ.

ಒಂದು ನಿಮಿಷದ ಚಿಂತೆ

ಹದಿನಾಲ್ಕನೇ ಭಾನುವಾರ 18 ಕಿ.ಮೀ. ಸರಿಯಾಗಿ 3 ತಾಸಿನಲ್ಲಿ ಮುಗಿಯಿತು. ಕಿಲೋಮೀಟರಿಗೆ 10 ನಿಮಿಷ. ರೂಮಿಗೆ ಬಂದು ಲೆಕ್ಕ ಹಾಕಿದೆ. ಇದೇ ವೇಗದಲ್ಲಿ 21.1 ಕಿ.ಮೀ.ಗೆ 3 ತಾಸು 31 ನಿಮಿಷ. ಕಟ್-ಆಫಿಗಿಂತ ಒಂದೇ ಒಂದು ನಿಮಿಷ ತಡ! ಅರ್ಧ ಅಂಕದಲ್ಲಿ ಕಟ್-ಆಫ್ ತಪ್ಪಿದವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ನನ್ನ ಪಾಲಿಗೆ ಅಂಥದ್ದು ಎರಡು ಸಲ ಆಗಿದೆ. ಆದರೆ ಆ ಅರ್ಧ ಅಂಕ ಎಲ್ಲಿ ಹೋಯಿತು ಎಂದು ಉತ್ತರ ಪತ್ರಿಕೆ ಹೇಳುವುದಿಲ್ಲ. ಈ ನಿಮಿಷ ಎಲ್ಲಿ ಹೋಯಿತೆಂದು ಫೋನು ಹೇಳಿತು. ಸಿಗ್ನಲ್ಲುಗಳಲ್ಲಿ ನಿಂತಿದ್ದು, ಬಾಟಲಿ ತೆಗೆಯಲು ನಿಂತಿದ್ದು, ಲೇಸು ಕಟ್ಟಲು ನಿಂತಿದ್ದು, ಎಲ್ಲ ಸೇರಿ ಆರು ನಿಮಿಷ. ಕಾಲಿನ ವೇಗ ಸಾಕಾಗಿತ್ತು. ಮುಂದಿನ ಎರಡು ವಾರ ನಡೆಯುತ್ತಲೇ ನೀರು ಕುಡಿಯುವುದನ್ನು, ನಡೆಯುತ್ತಲೇ ಚಿಕ್ಕಿ ಬಿಚ್ಚುವುದನ್ನು ಅಭ್ಯಾಸ ಮಾಡಿದೆವು. ಲೇಸಿಗೆ ಎರಡು ಗಂಟು.

ಸ್ಪರ್ಧೆಯ ದಿನ ಎದೆಗೆ ಸಿಕ್ಕಿಸುವ ಬಿಬ್‌ನಲ್ಲಿ ಒಂದು ಚಿಪ್ ಇರುತ್ತದೆ. ನೀವು ಆರಂಭದ ಗೆರೆ ದಾಟಿದಾಗಿನಿಂದ ಅದು ನಿಮ್ಮ ಸಮಯ ಅಳೆಯುತ್ತದೆ. ಆದರೆ ಕಟ್-ಆಫನ್ನು ಚಿಪ್ಪಿನಿಂದ ಅಳೆಯುತ್ತಾರೋ ಅಥವಾ ಹಸಿರು ನಿಶಾನೆ ತೋರಿಸಿದಾಗಿನಿಂದಲೋ ಎಂದು ಮೊದಲೇ ಕೇಳಿಕೊಳ್ಳಿ. ನಡೆಯುವವರು ಹಿಂದೆ ನಿಲ್ಲುವುದು ಶಿಷ್ಟಾಚಾರ. ಮುಂದೆ ನಿಂತರೆ ಓಡುವವರಿಗೆ ಅಡ್ಡ. ನಮ್ಮಲ್ಲಿ ನಿಶಾನೆಯ ಲೆಕ್ಕವೇ ಇತ್ತು. ಹಿಂದಿನಿಂದ ಗೆರೆ ತಲುಪುವಷ್ಟರಲ್ಲಿ 40 ಸೆಕೆಂಡು ಕಳೆದಿತ್ತು.

ಮೊದಲ ಹತ್ತು ನಿಮಿಷದಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋದರು. ಆರನೇ ತರಗತಿಯ ಹುಡುಗನಂಥವನೂ ಹೋದ. ಹಿಂದೆ ಉಳಿದಿದ್ದು ಆಂಬುಲೆನ್ಸ್ ಮತ್ತು ನಿಂತವರನ್ನು ಹತ್ತಿಸಿಕೊಳ್ಳುವ ವ್ಯಾನು. 5 ಕಿ.ಮೀ. 49 ನಿಮಿಷ, 10 ಕಿ.ಮೀ. 1 ತಾಸು 38 ನಿಮಿಷ. ಅಲ್ಲಿಂದ ಚಿತ್ರ ಬದಲಾಯಿತು. ಶುರುವಿನಲ್ಲಿ ಜೋರಾಗಿ ಓಡಿದವರು ಒಬ್ಬೊಬ್ಬರಾಗಿ ಸೊಂಟದ ಮೇಲೆ ಕೈ ಇಟ್ಟು ನಿಧಾನವಾಗಿದ್ದರು. ನಾವು ಅದೇ 130 ಹೆಜ್ಜೆಯಲ್ಲಿ ಅವರನ್ನು ದಾಟುತ್ತ ಹೋದೆವು. ಹದಿನೈದರ ಹತ್ತಿರ ಬಿಸಿಲು ಏರಿತು, ಎಡ ಅಂಗಾಲು ಉರಿಯತೊಡಗಿತು. 18ನೇ ಕಿಲೋಮೀಟರ್ ಫಲಕದ ಬಳಿ 2 ತಾಸು 58 ನಿಮಿಷ 30 ಸೆಕೆಂಡು. ವ್ಯಾನು ಐವತ್ತು ಮೀಟರ್ ಹಿಂದೆ, ಅದರ ಇಂಜಿನ್ ಸದ್ದು ಬೆನ್ನಿಗೇ ಕೇಳುತ್ತಿತ್ತು. ಉಳಿದಿದ್ದು 3.1 ಕಿ.ಮೀ., ಮೂವತ್ತೊಂದೂವರೆ ನಿಮಿಷ. ರೂಮ್‌ಮೇಟ್ ‘32ನೇ ವಿಧಿ?’ ಎಂದಳು. ‘ಸಂವಿಧಾನಾತ್ಮಕ ಪರಿಹಾರದ ಹಕ್ಕು’ ಎಂದೆ. ಪಕ್ಕದಲ್ಲಿ ಕುಂಟುತ್ತ ಬರುತ್ತಿದ್ದ ಅಂಕಲ್ ಒಬ್ಬರು ನಮ್ಮನ್ನು ವಿಚಿತ್ರವಾಗಿ ನೋಡಿ ನಕ್ಕರು, ಆಮೇಲೆ ನಮ್ಮ ಹೆಜ್ಜೆಗೆ ಹೆಜ್ಜೆ ಸೇರಿಸಿದರು. ಕೈ ಬೀಸಿದೆವು, ಕಾಲು ಹಿಂಬಾಲಿಸಿತು. ಗೆರೆ ದಾಟಿದಾಗ ಗಡಿಯಾರದಲ್ಲಿ 3 ತಾಸು 28 ನಿಮಿಷ.

ಕೊರಳಿಗೆ ಬಿದ್ದ ಮೆಡಲಿನ ಫೋಟೊ ಕಳಿಸಿದಾಗ ಆಯಿ ಫೋನಿನಲ್ಲಿ ಹೇಳಿದ್ದು: ‘ಬಿಲ್ಲಿ ಇರಲಿ, ಕಾಲ ನೀಟ ಅದಾವಿಲ್ಲ?’ ನೀಟ ಇದ್ದವು. ಆ ವಾರವೇ ರಕ್ತ ಪರೀಕ್ಷೆ ಮಾಡಿಸಿದೆ. 12.1. ನನಗೆ ಮೆಡಲಿಗಿಂತ ಆ ಚೀಟಿ ಹೆಚ್ಚು ಖುಷಿ ಕೊಟ್ಟಿತು.

ನಡೆದರೆ ನೌಕರಿ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಇನ್ನೂ ಸಿಕ್ಕಿಲ್ಲ. ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆಯೇ, ಫಲಿತಾಂಶ ಯಾವ ವರ್ಷ, ಯಾವುದೂ ನಮ್ಮ ಕೈಯಲ್ಲಿಲ್ಲ. ‘ಏನಾತು ನಿಂದು?’ ಎಂದು ಊರಿನಲ್ಲಿ ಕೇಳಿದವರಿಗೆ ಎರಡು ವರ್ಷದಿಂದ ನನ್ನ ಬಳಿ ಉತ್ತರ ಇರಲಿಲ್ಲ. ಹದಿನಾರು ವಾರ ಮಾತ್ರ ಪ್ರತಿ ಭಾನುವಾರ ಸಂಜೆ ಗೋಡೆಯ ಚಾರ್ಟಿನಲ್ಲಿ ಬರೆಯಲು ಒಂದು ಸಂಖ್ಯೆ ಇತ್ತು. ಮಧ್ಯಾಹ್ನ ಮೂರರ ನಿದ್ದೆ ಹೋಯಿತು. ರಾತ್ರಿಯ ನಿದ್ದೆ ಬಂತು. ಮಾಡಿದಷ್ಟು ಕೂಡಿಕೊಳ್ಳುತ್ತ ಹೋಗುವ ಕೆಲಸ ಲೋಕದಲ್ಲಿ ಒಂದಾದರೂ ಇದೆ ಎಂಬುದು ತಿಳಿದ ಮೇಲೆ, ಕೂಡಿಕೊಳ್ಳುವುದು ಕಣ್ಣಿಗೆ ಕಾಣದ ಕೆಲಸದ ಮುಂದೆಯೂ ಕೂರುವುದು ಸ್ವಲ್ಪ ಸುಲಭವಾಗಿದೆ.

ರೂಮ್‌ಮೇಟ್ ಈಗ 25 ಕಿ.ಮೀ.ಗೆ ಚಾರ್ಟು ಬರೆಯುತ್ತಿದ್ದಾಳೆ. ಸಪ್ತಾಪುರದ ಗುಂಪು ಏಳರಿಂದ ಹನ್ನೊಂದಾಗಿದೆ. ನಿಮ್ಮ ಊರಿನಲ್ಲೂ ಒಂದು ಕೆರೆ ಏರಿಯೋ, ಕಾಲೇಜು ಮೈದಾನವೋ, ಪಕ್ಕದ ಹಳ್ಳಿಗೆ ಹೋಗುವ ರಸ್ತೆಯೋ ಇರುತ್ತದೆ. ಜೊತೆಗೊಬ್ಬರನ್ನು ಕರೆದುಕೊಳ್ಳಿ. ಬರುವ ಭಾನುವಾರ ಐದೇ ಕಿಲೋಮೀಟರ್, ಒಂದು ತಾಸು ಹಿಡಿದರೂ ಪರವಾಗಿಲ್ಲ.